ಎಲ್ಲರಿಗೂ ಕಳಿಸಿದ ಕ್ಷಮೆ

ಎರಡು ತಿಂಗಳಿಂದ ಮಗಳು ಪ್ರಾಜಕ್ತಾ ನನ್ನೊಡನೆ ಮಾತಾಡಿಲ್ಲ. ಸಾಂಗಲಿಯ ಹಾಸ್ಟೆಲ್‌ನಿಂದ ಅವರಪ್ಪನಿಗೆ ಫೋನ್ ಮಾಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ತಪ್ಪು ನನ್ನದೇ. ರಜೆಗೆ ಅವಳು ನಮ್ಮೂರು ಶೇಡಬಾಳಕ್ಕೆ ಬಂದಿದ್ದಾಗ ಅವಳ ಕಪಾಟು ತೆಗೆದು ಡೈರಿ ಓದಿದೆ. ಅಷ್ಟಕ್ಕೇ ಬಿಡದೆ, ಅದರಲ್ಲಿದ್ದ ಹುಡುಗ ಯಾರೆಂದು ಕೇಳಿದೆ.

ಕ್ಷಮೆ ಕೇಳಿ ಬರೆಯೋಣವೆಂದರೆ, ಮರಾಠಿ ಶಾಲೆಯಲ್ಲಿ ಕಲಿತ ಅವಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನನಗೆ ಮರಾಠಿ ಬರೆಯಲು ಬಾರದು. ಉಳಿದದ್ದು ಇಂಗ್ಲಿಷ್. 'ಐ ಆ್ಯಮ್ ಸಾರಿ' ಎಂದು ಬಸ್ಸಿನಲ್ಲಿ ಕಾಲು ತುಳಿದವರೂ ಹೇಳುತ್ತಾರೆ. 'ಐ ಅಪಾಲಜೈಸ್' ಬ್ಯಾಂಕಿನ ಪತ್ರದಂತಿದೆ. 'ಐ ಫೀಲ್ ಬ್ಯಾಡ್' ಎಂದರೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳಿಗೇ ಬೀಳುತ್ತದೆ. ಬರೆದೆ, ಅಳಿಸಿದೆ. ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತು ದಿನವೂ ಹೀಗೇ ಕಳೆದವು.

ಪರ್ವ ಮುಗಿದು, ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ಬಂತು. ಬಸದಿಯಲ್ಲಿ ಕಂಡವರಿಗೆಲ್ಲ ಕೈಮುಗಿದು ಕ್ಷಮೆ ಕೇಳಿ, ದಣಿದು ಮನೆಗೆ ಬಂದೆ. ಬರಲಾಗದ ಬಳಗಕ್ಕೆ ಫೋನಿನಲ್ಲಾದರೂ ಕಳಿಸು ಎಂದರು ಅತ್ತೆ ರಾಜಮತಿ. ಪ್ರತಿವರ್ಷ ಓಡಾಡುವ ಮರಾಠಿ ಸಂದೇಶವೊಂದಿತ್ತು: ತಿಳಿದೋ ತಿಳಿಯದೆಯೋ ಮನಸ್ಸು ನೋಯಿಸಿದ್ದರೆ ಕ್ಷಮಿಸಿ. ಫೋನಿನಲ್ಲಿದ್ದ ನೂರಾ ಅರವತ್ತು ಹೆಸರಿಗೂ ಅದನ್ನು ಒಮ್ಮೆಲೇ ಕಳಿಸಿಬಿಟ್ಟೆ. ಪ್ರಾಜಕ್ತಾಳ ಹೆಸರೂ ಅದರಲ್ಲಿತ್ತೆಂದು ತಿಳಿದದ್ದು ಅವಳ ಫೋನ್ ಬಂದಾಗ.

"ಮಮ್ಮಿ, ಇದು ನನಗೋ, ಊರ ಮಂದಿಗೋ?"

ಎಲ್ಲರಿಗೂ ಹೋಗಿದೆ ಎಂದು ಒಪ್ಪಿಕೊಂಡೆ.

"ಗ್ಯಾಸ್ ಸಿಲಿಂಡರ್ ತರೂ ಶ್ರೇಣಿಕ ಕಾಕಾಗೂ ಹೋಗೇತೇನು? ಅವರ ಡೈರೀನೂ ಓದಿದ್ದೇನು ನೀ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಹತ್ತು ದಿನ ಆರಿಸಿದ ಮಾತುಗಳನ್ನೆಲ್ಲ ಬಿಟ್ಟೆ.

"ನಾ ತಿಳಿದೇ ಓದೇನಿ," ಎಂದೆ. "ನೀ ಯಾವಾಗ ಜಳಕಕ್ಕ ಹೋಗ್ತಿ ಅಂತ ಕಾಯ್ಕೊಂತ ಕುಂತಿದ್ದೆ."

ಆ ಕಡೆ ತಾಟುಗಳ ಸದ್ದು, ಯಾರೋ ಅವಳನ್ನು ಊಟಕ್ಕೆ ಕರೆಯುತ್ತಿದ್ದರು. ಫೋನ್ ಇಟ್ಟೇಬಿಟ್ಟಳು ಎಂದುಕೊಂಡೆ.

"ನನ್ನ ಕಪಾಟದ ಇನ್ನೊಂದ ಕೀಲಿ ನಿನ್ನ ಕಡೆ ಐತಲ್ಲ," ಎಂದಳು. "ಅದನ್ನ ಅಜ್ಜಿ ಕಡೆ ಕೊಡು. ಆಮ್ಯಾಲ ದಸರಾಕ್ಕ ಬರೂದು ನೋಡೂಣು."

ಗೊಂಚಲಿನಿಂದ ಕೀಲಿ ಬಿಡಿಸಿ ಅತ್ತೆಯ ಕೈಯಲ್ಲಿಟ್ಟೆ. ಯಾಕೆಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಇನ್ನು ನೀನೇ ಕೇಳಿದರೂ ಕೊಡುವುದಿಲ್ಲ ಎಂದರು.