ಮೂರನೆಯ ತಿರುವಿನ ಜಲ್ಲಿ

ಸಾಲಾಗಿ ಸೈಕಲ್ ತುಳಿಯುವಾಗ ಮುಂದೆ ಹೋಗುವವರು ರಸ್ತೆಯಲ್ಲಿ ಕಂಡದ್ದನ್ನು ಹಿಂದಿನವರಿಗೆ ಕೈಯಲ್ಲಿ ತೋರಿಸಬೇಕು. ಗುಂಡಿ ಇದ್ದರೆ ಆ ಬದಿಯ ಕೈಯನ್ನು ಕೆಳಗೆ ಚಾಚಿ ಬೆರಳು ಮಾಡುವುದು. ಜಲ್ಲಿ ಇದ್ದರೆ ಅಂಗೈ ಬಿಚ್ಚಿ ಅಲ್ಲಾಡಿಸುವುದು. ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಹಿಂಚಕ್ರ ಮಾತ್ರ, ನಡುವೆ ಒಂದು ಗೇಣು ಅಂತರ. ಅವರು ತಮ್ಮ ಕಣ್ಣನ್ನು ನಮಗೆ ಒಪ್ಪಿಸಿರುತ್ತಾರೆ. ವಾಲ್ಸೆರ್ ಸೈಕಲ್ ಸಂಘದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಮೊದಲ ಭಾನುವಾರವೇ ಬಂದುಬಿಡುತ್ತದೆ.

ಕಳೆದ ಜುಲೈ ತಿಂಗಳ ಎರಡನೆಯ ಭಾನುವಾರ, ಫೊಂತ್‌ರೂಜ್ ಇಳಿಜಾರಿನ ಮೂರನೆಯ ತಿರುವಿನಲ್ಲಿ, ನಾನು ಕೈ ತೋರಿಸಲಿಲ್ಲ.

ನನ್ನ ಹಿಂದೆ ಇದ್ದವನು ಗಾಸ್ಪಾರ್ ದೆಲ್ಮಾ.

ಅವನು ನಮ್ಮ ಊರಿಗೆ ಬಂದು ಮೂರು ವರ್ಷ. ವಿಮಾ ಕಂಪನಿಯಿಂದ ನಿವೃತ್ತನಾಗಿ, ಹೊಳೆಯ ದಂಡೆಯ ಮನೆ ಕೊಂಡು, ಎರಡನೆಯ ವರ್ಷಕ್ಕೇ ಸಂಘದ ಅಧ್ಯಕ್ಷನಾದ. ಹದಿನೆಂಟು ವರ್ಷ ಭಾನುವಾರದ ದಾರಿಗಳನ್ನು ನಾನು ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಎಳೆಯುತ್ತಿದ್ದೆ. ಶಾಲೆಯಲ್ಲಿ ಭೂಗೋಳ ಹೇಳಿಕೊಡುವವಳು ನಾನು. ಯಾವ ಏರಿನಲ್ಲಿ ಯಾವ ತಿಂಗಳು ಬಿಸಿಲು ಬೆನ್ನಿಗೆ ಬೀಳುತ್ತದೆ, ಯಾವ ಊರಿನ ನಲ್ಲಿಯಲ್ಲಿ ಆಗಸ್ಟಿನಲ್ಲೂ ನೀರು ಇರುತ್ತದೆ, ಎಲ್ಲ ಗೊತ್ತಿತ್ತು. ಗಾಸ್ಪಾರ್ ನನ್ನ ದಾರಿಗಳನ್ನು ಒಂದೊಂದಾಗಿ ತೆಗೆದು, ತನ್ನ ಹ್ಯಾಂಡಲ್ ಮೇಲಿನ ಯಂತ್ರ ಹೇಳುವ ದಾರಿಗಳನ್ನು ಹಾಕಿದ.

"ಆ ಫೊಂತ್‌ರೂಜ್ ಗುಡ್ಡದ ಮೇಲೆ ಏನಿದೆ ಅಂತ ಹೋಗ್ಬೇಕು ಟೀಚರಮ್ಮಾ? ಮೂರು ಹಸು, ಬೀಗ ಹಾಕಿರೋ ಒಂದು ಚರ್ಚು," ಎಂದ ಸಭೆಯಲ್ಲಿ. ಎಲ್ಲರೂ ನಕ್ಕರು. ಬೇಕರಿಯ ಒನೊರೆಯೂ ನಕ್ಕ.

ಸಂಘದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಾರೆ. ಗಾಸ್ಪಾರ್ ನನ್ನೊಬ್ಬಳಿಗೆ 'ನೀವು' ಎನ್ನುತ್ತಿದ್ದ. ನಾನೂ ಅದನ್ನು ಹಾಗೆಯೇ ಅವನಿಗೆ ಹಿಂತಿರುಗಿಸುತ್ತಿದ್ದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವನು ನನ್ನ ಹಿಂಚಕ್ರಕ್ಕೆ ಅಂಟಿಕೊಂಡು ಬರುತ್ತಿದ್ದ ರೀತಿ. ನನ್ನ ವೇಗ ಒಂದೇ ಸಮ, ಬೆನ್ನು ಅಗಲ, ಹಾಗಾಗಿ ಗಾಳಿಗೆ ಒಳ್ಳೆಯ ಮರೆ. ಎಂಬತ್ತು ಕಿಲೋಮೀಟರು ಅವನು ಆ ಮರೆಯಲ್ಲಿ ಬರುತ್ತಿದ್ದ, ಒಮ್ಮೆಯೂ ಮುಂದೆ ಬಂದು ಸರದಿ ತೆಗೆದುಕೊಳ್ಳದೆ, ಒಂದು ಕ್ಷಣವೂ ಬಾಯಿ ಮುಚ್ಚದೆ. ಮೊಣಕಾಲು ನೋವು, ಮಗಳ ಅಡುಗೆಮನೆಯ ಟೈಲ್ಸು, ಸರ್ಕಾರ, ಚೀಸು. ನಾನು ಮೌನಕ್ಕಾಗಿಯೇ ಸೈಕಲ್ ಹತ್ತುವವಳು. ವಾರದ ಆರು ದಿನ ತರಗತಿಯ ಗಲಾಟೆ, ಮನೆಗೆ ಬಂದರೆ ಯಾರೂ ಇಲ್ಲದ ಮನೆಯ ಇನ್ನೊಂದು ಥರದ ಮೌನ. ಅವನು ಬರುವ ಮೊದಲಿನ ಭಾನುವಾರದ್ದು ಬೇರೆ. ಹಿಂದೆ ಜನ ಇದ್ದಾರೆ, ನನ್ನನ್ನು ನಂಬಿದ್ದಾರೆ, ಯಾರೂ ಮಾತಾಡುವುದಿಲ್ಲ. ನನಗೆ ಮನುಷ್ಯರ ಜೊತೆ ಇರಲು ಗೊತ್ತಿರುವುದು ಆ ಒಂದು ರೀತಿ ಮಾತ್ರ.

ಕೊನೆಗೆ ಊರಿನ ಬೋರ್ಡು ಕಂಡಾಗ, ಇನ್ನೂ ನೂರು ಮೀಟರು ಇರುವಾಗಲೇ, ಅವನು ನನ್ನ ಬೆನ್ನ ಹಿಂದಿನಿಂದ ಚಿಮ್ಮಿ ನನ್ನನ್ನು ದಾಟುತ್ತಿದ್ದ. ಬೋರ್ಡು ದಾಟಿ ಎರಡೂ ಕೈ ಮೇಲೆತ್ತುತ್ತಿದ್ದ. ಪ್ರತಿ ಭಾನುವಾರ.

"ಸುಸ್ತಾಯ್ತಾ ಟೀಚರಮ್ಮಾ? ಮುಂದಿನ ವಾರ ನೋಡೋಣ ಬಿಡಿ!"

ನನ್ನ ದಾರಿಗಳಲ್ಲಿ ಅವನು ಇನ್ನೂ ತೆಗೆಯದೆ ಉಳಿದಿದ್ದದ್ದು ಫೊಂತ್‌ರೂಜ್ ಒಂದೇ. ಆ ಜುಲೈನಲ್ಲಿ ರಸ್ತೆಯವರು ಅದರ ಇಳಿಜಾರಿಗೆ ಅಲ್ಲಲ್ಲಿ ಟಾರು ಸುರಿದು, ಮೇಲೆ ಸಣ್ಣ ಜಲ್ಲಿ ಚೆಲ್ಲಿ ಹೋಗಿದ್ದರು. ಎಚ್ಚರಿಕೆಯ ಫಲಕ ಗಾಳಿಗೆ ಹಳ್ಳಕ್ಕೆ ಮಗುಚಿಬಿದ್ದಿತ್ತು. ನಾನು ಮೊದಲು, ಹಿಂದೆ ಗಾಸ್ಪಾರ್, ಅವನ ಹಿಂದೆ ಒನೊರೆ, ಕೊನೆಗೆ ಅಂಚೆ ಕಚೇರಿಯ ಪೋಲೆಟ್. ಮೂರನೆಯ ತಿರುವಿನ ಹೊರ ಅಂಚಿನಲ್ಲಿ ಜಲ್ಲಿ ಬೂದು ಬಣ್ಣದ ಹೊದಿಕೆಯ ಹಾಗೆ ಬಿದ್ದಿತ್ತು. ನಾನು ಕಂಡೆ. ಸೈಕಲ್ಲನ್ನು ಒಳಕ್ಕೆ ಸರಿಸಿದೆ. ಗಾಸ್ಪಾರ್ ಚೀಸಿನ ವಿಷಯ ಹೇಳುತ್ತಿದ್ದ. ನನ್ನ ಕೈ ಹ್ಯಾಂಡಲ್ ಮೇಲೆಯೇ ಇತ್ತು.

ಎಷ್ಟು ಸಲ ಯೋಚಿಸಿದರೂ, ಆ ಕ್ಷಣದಲ್ಲಿ ನಾನು ನಿರ್ಧರಿಸಿದೆ ಎನ್ನಲು ಆಗುವುದಿಲ್ಲ. ನಿರ್ಧರಿಸಲಿಲ್ಲ ಎನ್ನಲೂ ಆಗುವುದಿಲ್ಲ. ಹದಿನೆಂಟು ವರ್ಷ ತಾನಾಗಿ ಇಳಿಯುತ್ತಿದ್ದ ಕೈ ಅವತ್ತು ಇಳಿಯಲಿಲ್ಲ. ಅಷ್ಟೇ ನನಗೆ ಗೊತ್ತಿರುವುದು.

ಹಿಂದೆ ಚೀಸಿನ ಮಾತು ಅರ್ಧಕ್ಕೆ ನಿಂತಿತು. ಲೋಹ ಕಲ್ಲಿಗೆ ಉಜ್ಜಿದ ಶಬ್ದ. ನಾನು ನಿಂತು ತಿರುಗಿ ನೋಡಿದಾಗ ಅವನು ತಡೆಗೋಡೆಯ ಬುಡದಲ್ಲಿ ಮುದುಡಿಕೊಂಡಿದ್ದ. ಬಲಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಎಲ್ಲರೂ ಜಲ್ಲಿಯನ್ನು ಬೈದರು, ರಸ್ತೆಯವರನ್ನು ಬೈದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗಾಸ್ಪಾರ್ ಮಲಗಿದ್ದಲ್ಲಿಂದ ನನ್ನನ್ನೇ ನೋಡುತ್ತಿದ್ದ. ಅವತ್ತು ಮೊದಲ ಬಾರಿಗೆ ಅವನ ಬಾಯಿ ಮುಚ್ಚಿತ್ತು.

ಎರಡು ಶಸ್ತ್ರಚಿಕಿತ್ಸೆ ಆಯಿತು. ನವೆಂಬರಿನ ಒಂದು ಬೆಳಿಗ್ಗೆ ಬೇಕರಿಯಲ್ಲಿ ಎದುರಾದ. ಎಡಗೈಯಲ್ಲಿ ಚಿಲ್ಲರೆ ಹುಡುಕುತ್ತಿದ್ದ.

"ಹೇಗಿದ್ದೀರಿ?" ಎಂದೆ.

"ನೀವೇ ಹೇಳಿ, ಹೇಗಿದ್ದೀನಿ?"

ಗಲ್ಲಾದ ಹಿಂದಿದ್ದ ಒನೊರೆ ಬ್ರೆಡ್ಡಿಗೆ ಕಾಗದ ಸುತ್ತುತ್ತಾ ಇನ್ನೂ ಒಂದು ಸುತ್ತು ಹೆಚ್ಚೇ ಸುತ್ತಿದ.

"ನಾನೊಂದು ಕೇಳ್ಬೇಕಿತ್ತು ಟೀಚರಮ್ಮಾ," ಎಂದ ಗಾಸ್ಪಾರ್. "ಡಾಕ್ಟ್ರನ್ನಲ್ಲ, ವಕೀಲ್ರನ್ನಲ್ಲ, ನಿಮ್ಮನ್ನ. ನಿಮಗೆ ಕಂಡಿತ್ತಾ?"

"ಏನು?"

"ಏನು ಅಂತ ನಿಮಗೆ ಗೊತ್ತಿದೆ."

ನಾನು ಬ್ರೆಡ್ಡು ತೆಗೆದುಕೊಂಡೆ. "ಫಲಕ ಬಿದ್ದುಹೋಗಿತ್ತು," ಎಂದೆ.

"ಫಲಕದ ವಿಷಯ ನಾನು ಕೇಳ್ಲೇ ಇಲ್ಲ."

ಅವನು ಹೋದ ಮೇಲೆ ಒನೊರೆ ಗಲ್ಲಾ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಾನು ಮೂರನೆಯವನಾಗಿದ್ದೆ ಕ್ಲೊಟಿಲ್ಡ್. ನಿನ್ನ ಸೈಕಲ್ಲು ಒಳಗೆ ಸರಿದಿದ್ದು ನೋಡೇ ನಾನು ಬ್ರೇಕು ಹಿಡಿದಿದ್ದು. ನಾನೇನೂ ಯಾರಿಗೂ ಹೇಳಿಲ್ಲ."

"ಹೇಳಬೇಡ ಅಂತ ನಾನು ತಡೆದಿಲ್ಲವಲ್ಲ."

"ಅಬ್ಬಾ, ಎಂಥಾ ಹೆಂಗಸು ನೀನು! ನೀನೇ ಹೇಳ್ಬಾರ್ದಾ? ಕಂಡಿತ್ತು ಅಂತ ಒಂದು ಮಾತು. ಅವನಿಗೆ ಬೇಕಿರೋದು ಅಷ್ಟೇ."

ಆ ಒಂದು ಮಾತು ಹೇಳಿದರೆ ನನ್ನ ಹಿಂಚಕ್ರ ನಂಬಿ ಬರುವವರು ಯಾರೂ ಇರುವುದಿಲ್ಲ. ಅದು ಒನೊರೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಳಿಗಾಲವಿಡೀ ನಾವು ಮೂವರೇ ಹೋದೆವು. ನಾನು ಮುಂದೆ. ಬೆನ್ನ ಹಿಂದೆ ಮಾತಿಲ್ಲ. ನಾನು ಬಯಸಿದ್ದ ಮೌನ ಅದೇ. ಆದರೆ ಅದರೊಳಗೆ ಒಬ್ಬ ಬೇಕರಿಯವನು ನನ್ನ ಕೈಯನ್ನೇ ನೋಡುತ್ತಾ ಬರುತ್ತಿದ್ದ.

ಮಾರ್ಚಿನ ಮೊದಲ ಭಾನುವಾರ ಗಾಸ್ಪಾರ್ ಬಂದ. ತೆಳ್ಳಗಾಗಿದ್ದ. ಹೊಸ ಸೈಕಲ್ಲು. ಹ್ಯಾಂಡಲ್ ಮೇಲೆ ಯಂತ್ರ ಇರಲಿಲ್ಲ.

"ಇವತ್ತಿನ ದಾರಿ ಅಧ್ಯಕ್ಷನದ್ದು," ಎಂದ. "ಫೊಂತ್‌ರೂಜ್. ಮೂರು ಹಸು ನೋಡೋಣ."

"ಗಾಸ್ಪಾರ್, ಇಷ್ಟು ಬೇಗ ಆ ಕಡೆ ಯಾಕೆ?" ಎಂದಳು ಪೋಲೆಟ್. "ಹೊಳೆ ದಾರೀಲಿ ಹೋದ್ರೆ ಆಗಲ್ವಾ?"

"ಆಗಲ್ಲ. ಟೀಚರಮ್ಮ ಮುಂದೆ, ಅವರ ಹಿಂದೆ ನಾನು. ಹಳೇ ಕ್ರಮವೇ."

ಏರು ಎಂಟು ಕಿಲೋಮೀಟರು. ಬೇಲಿಯ ಬುಡದಲ್ಲಿ ಹಿಮ ಇನ್ನೂ ಕೊಳಕಾಗಿ ಉಳಿದಿತ್ತು. ಗೊಬ್ಬರದ ವಾಸನೆ. ನಾನು ನನ್ನ ಸಮವೇಗದಲ್ಲಿ ಹತ್ತಿದೆ. ಗಾಸ್ಪಾರ್‌ನ ಉಸಿರು ಬೆನ್ನಿಗೆ ತಗಲುವಷ್ಟು ಹತ್ತಿರ ಇತ್ತು. ಅವನು ಒಂದು ಮಾತೂ ಆಡಲಿಲ್ಲ. ನಾನು ಅವನ ಮೊಣಕಾಲಿಗಾಗಿ, ಅವನ ಮಗಳ ಅಡುಗೆಮನೆಗಾಗಿ ಕಾಯುತ್ತಿದ್ದೇನೆ ಎಂದು ಅರ್ಧ ಏರಿನಲ್ಲಿ ನನಗೆ ತಿಳಿಯಿತು.

ನೆತ್ತಿಯಲ್ಲಿ ಫೊಂತ್‌ರೂಜ್ ಬೋರ್ಡು ಕಂಡಿತು. ನೂರು ಮೀಟರಿನಲ್ಲಿ ಅವನು ಚಿಮ್ಮಿದ. ಮೊದಲಿನ ಚಿಮ್ಮು ಅಲ್ಲ ಅದು, ಆದರೂ ನನ್ನನ್ನು ದಾಟಿದ. ನಾನು ಬಿಟ್ಟುಕೊಟ್ಟೆನೋ, ಅವನೇ ಗೆದ್ದನೋ ಹೇಳಲಾರೆ. ಬೋರ್ಡು ದಾಟಿ ಅವನು ಕೈ ಎತ್ತಿದ. ಎಡಗೈ ಪೂರ್ತಿ ಮೇಲೆ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬಂದು, ನಡುಗಿ, ಅಲ್ಲೇ ನಿಂತಿತು. ಅದು ಇನ್ನು ಮೇಲೆ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನನಗೆ ಕಾಣಲಿ ಎಂದೇ ಎತ್ತಿದ್ದ.

ಚರ್ಚಿನ ಮುಂದೆ ನಿಂತು ನೀರು ಕುಡಿದೆವು. ಅವನು ತಣ್ಣಗೆ ಕೈ ಬೀಸಿ ದಾರಿ ತೋರಿಸಿದ. "ಇಳಿಯೋಣ. ಮುಂದೆ ನೀವೇ."

ಮೊದಲ ತಿರುವು. ಎರಡನೆಯ ತಿರುವು. ರಸ್ತೆ ಚಳಿಗಾಲದ ಮಳೆಯಲ್ಲಿ ತೊಳೆದುಹೋಗಿ ಕಪ್ಪಗೆ, ನುಣ್ಣಗೆ ಇತ್ತು. ಒಂದು ಹರಳೂ ಇರಲಿಲ್ಲ. ಮೂರನೆಯ ತಿರುವಿನ ತಡೆಗೋಡೆಯಲ್ಲಿ ಹಳೆಯ ಉಜ್ಜಿದ ಗುರುತು ಕಂಡಿತು. ನನ್ನ ಬಲಗೈ ಹ್ಯಾಂಡಲ್ ಬಿಟ್ಟಿತು. ಕೆಳಗೆ ಚಾಚಿ, ಅಂಗೈ ಬಿಚ್ಚಿ, ಅಲ್ಲಾಡಿಸಿದೆ. ಎಲ್ಲರಿಗೂ ಕಾಣುವಷ್ಟು ಹೊತ್ತು.

ಹಿಂದೆ ಮೂರು ಬ್ರೇಕುಗಳು ಕಿರುಗುಟ್ಟಿದವು.

ಕೆಳಗೆ, ಬಟ್ಟೆ ಒಗೆಯುವ ಹಳೆಯ ಕಟ್ಟೆಯ ಹತ್ತಿರ ನಿಂತೆವು. ಪೋಲೆಟ್ ಏದುಸಿರು ಬಿಡುತ್ತಾ ಬಂದಳು.

"ಎಲ್ಲಿತ್ತೇ ಜಲ್ಲಿ? ಎದೆ ಒಡೆದುಹೋಯ್ತು ನನಗೆ! ಒಂದು ಕಲ್ಲೂ ಕಾಣ್ಲಿಲ್ಲವಲ್ಲ!"

ಒನೊರೆ ತನ್ನ ಬೂಟು ನೋಡುತ್ತಿದ್ದ.

"ಜುಲೈನಲ್ಲಿತ್ತು," ಎಂದ ಗಾಸ್ಪಾರ್.

ಪೋಲೆಟ್ ನಗಲು ಹೊರಟವಳು ನಿಲ್ಲಿಸಿದಳು. ಅವನ ಭುಜ ನೋಡಿದಳು, ನನ್ನ ಕೈ ನೋಡಿದಳು. "ಕ್ಲೊಟಿಲ್ಡ್?" ಎಂದಳು. ಎರಡನೆಯ ಸಲ ಕರೆಯಲಿಲ್ಲ.

"ಕಂಡಿತ್ತು," ಎಂದೆ.

"ಎಂಟು ತಿಂಗಳು ಬೇಕಾಯ್ತು," ಎಂದ ಗಾಸ್ಪಾರ್. ಅವನ ಮುಖದಲ್ಲಿ ಸಮಾಧಾನ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. "ಕ್ಷಮಿಸ್ತೀನಿ ಅಂತ ಕಾಯ್ಬೇಡಿ ಟೀಚರಮ್ಮಾ. ಅದಕ್ಕೋಸ್ಕರ ಕೇಳಿದ್ದಲ್ಲ ನಾನು."

"ಗೊತ್ತು."

"ಹೊರಡೋಣಪ್ಪಾ, ಮೈ ತಣ್ಣಗಾಗ್ತಿದೆ," ಎಂದ ಒನೊರೆ. ಅವನೂ ಪೋಲೆಟ್ಟೂ ನನ್ನ ಹಿಂದೆ ಬರಲಿಲ್ಲ. ಐವತ್ತು ಮೀಟರು ಬಿಟ್ಟು, ತಮ್ಮಷ್ಟಕ್ಕೆ ಇಬ್ಬರೇ ಬಂದರು. ಪೋಲೆಟ್ ಏನೋ ಕೇಳುತ್ತಿದ್ದಳು, ಒನೊರೆ ತಲೆಯಾಡಿಸುತ್ತಿದ್ದ.

ಗಾಸ್ಪಾರ್ ಮಾತ್ರ ಬಂದ. ಒಂದು ಗೇಣು ಅಂತರದಲ್ಲಿ, ಹಳೇ ಕ್ರಮದಲ್ಲೇ. ವಾಲ್ಸೆರ್‌ಗೆ ಇನ್ನೂ ಹನ್ನೆರಡು ಕಿಲೋಮೀಟರು, ಹೊಳೆಯ ಪಕ್ಕದ ಕೆಟ್ಟ ರಸ್ತೆ, ಹಿಮ ತಿಂದ ಗುಂಡಿಗಳು. ಮೊದಲನೆಯದು ಕಂಡಿತು. ಬಲಗೈ ಚಾಚಿ ಬೆರಳು ಮಾಡಿದೆ.

ಹಿಂದೆ ಧಡ್ ಎಂದಿತು. ಅವನು ಬೇಕೆಂದೇ ಅದರೊಳಕ್ಕೆ ಇಳಿಸಿದ್ದ.

ತಿರುಗಿ ನೋಡಿದೆ. ಅವನು ನೇರ ನನ್ನ ಬೆನ್ನನ್ನೇ ನೋಡುತ್ತಿದ್ದ. ಆ ಭುಜಕ್ಕೆ ಎಷ್ಟು ನೋವಾಗಿರಬೇಕು. ನನ್ನ ಕೈಯನ್ನು ಇನ್ನು ನಂಬುವುದಿಲ್ಲ ಎಂದು ಆ ಸದ್ದಿನಲ್ಲೇ ಹೇಳುತ್ತಿದ್ದ.

ಎರಡನೆಯ ಗುಂಡಿ ಎಡಕ್ಕಿತ್ತು. ತೋರಿಸಿದೆ. ಧಡ್.

ಮೂರನೆಯದು ದೊಡ್ಡದು, ನೀರು ತುಂಬಿತ್ತು. ಅವನು ಏನು ಮಾಡುತ್ತಾನೆ ಎಂದು ನನಗೆ ಗೊತ್ತಿತ್ತು. ತೋರಿಸದೆ ಇದ್ದರೆ ಬಹುಶಃ ಪಕ್ಕದಿಂದ ದಾಟಿಯಾನು ಎಂದೂ ಅನ್ನಿಸಿತು. ಆದರೂ ನನ್ನ ಕೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯಿತು.