ವರಾಂಡದ ಬಸ್ಸು

ಅಮ್ಮನ ಸ್ವೆಟರಿನ ಮೂರನೇ ಗುಂಡಿ ಹಾಕುತ್ತಿದ್ದಾಗ ಹೊರಗೆ ಶವದ ಗಾಡಿ ಬಂದು ನಿಂತಿತು. ಮಗಳು ಕೈ ನಿಲ್ಲಿಸಲಿಲ್ಲ. ನಾಲ್ಕನೆಯದನ್ನು ಹಾಕುವಷ್ಟರಲ್ಲಿ ಅಮ್ಮ ಮೊದಲನೆಯದನ್ನು ಬಿಚ್ಚಿದ್ದಳು.

“ಕಂಡಕ್ಟರ್ ಬರಲಿಲ್ವಾ ಇನ್ನೂ?”

“ಬರ್ತಾರಮ್ಮ.”

“ಒಳ್ಳೆ ಮನುಷ್ಯ. ಚಿಲ್ಲರೆಗೆ ಯಾವತ್ತೂ ಜಗಳ ಆಡಲ್ಲ.”

ಐವತ್ತು ವರ್ಷ ಜೊತೆಗೆ ಬಾಳಿದ ಗಂಡನಲ್ಲಿ ಅಮ್ಮನ ನೆನಪಿಗೆ ಉಳಿದದ್ದು ಇಷ್ಟು. ಆ ಒಳ್ಳೆ ಮನುಷ್ಯ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಎದುರುಮನೆಯ ಡ್ರೈವರ್ ಮಾಮ ಬಾಗಿಲಿಗೊರಗಿ ನಿಂತಿದ್ದರು. ಅವರೂ ಅಪ್ಪನೂ ಒಂದೇ ಬಸ್ಸಿನಲ್ಲಿ ದುಡಿದವರು. “ಇಪ್ಪತ್ತೆರಡು ವರ್ಷ ನಾನು ಮುಂದೆ, ಅವನು ಹಿಂದೆ. ನಿನ್ನೆ ಹೇಳದೆ ಕೇಳದೆ ಓವರ್‌ಟೇಕ್ ಮಾಡ್ಬಿಟ್ಟ ನೋಡು,” ಎಂದು ನಗಲು ಹೋಗಿ ಅತ್ತರು.

“ನೀವೇ ಮೊದಲು ನೋಡಿದ್ದಂತೆ?” ಮಗಳ ತಮ್ಮ ಕೇಳಿದ.

“ನೀರಿನ ಟ್ಯಾಂಕ್ ಹತ್ರ, ಕಲ್ಲಿನ ಮೇಲೆ ಕೂತವನು ಕೂತ ಹಾಗೇ ಹೋಗಿದ್ದ. ಅತ್ತಿಗೆ ಪಕ್ಕದಲ್ಲಿ ಕೂತು ಬಸ್ಸಿಗೆ ಕಾಯ್ತಾ ಇದ್ರು.” ಮಾಮ ಮೂಗು ಒರೆಸಿಕೊಂಡರು. “ಎದೆನೋವಿನ ಮನುಷ್ಯ ದಿನಾ ಸಂಜೆ ಅತ್ತಿಗೇನ ಕರ್ಕೊಂಡು ಎರಡು ಮೈಲಿ ಯಾಕೆ ನಡೀಬೇಕಿತ್ತು? ಮೊದಲೆಲ್ಲ ವರಾಂಡದಲ್ಲೇ ಬಸ್ಸು ಬಿಡ್ತಿದ್ದ. ನಾಲ್ಕು ತಿಂಗಳಿಂದ ಯಾಕೋ ನಿಲ್ಲಿಸಿಬಿಟ್ಟ. ಕೇಳಿದ್ರೆ ‘ಗಾಡಿ ಡಿಪೋಗೆ ಹೋಗಿದೆ ಕಣಯ್ಯಾ’ ಅಂದ.”

ಮಗಳು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಗಾಡಿ ಎಲ್ಲಿದೆಯೆಂದು ಅವಳೊಬ್ಬಳಿಗೆ ಗೊತ್ತಿತ್ತು. ಅವಳ ಮನೆಯ ಬೀರುವಿನ ಕೆಳಖಾನೆಯಲ್ಲಿ, ಹಳೆಯ ಪರದೆಗಳ ಅಡಿಯಲ್ಲಿ.

*

ಸಂಜೆ ಐದಾದರೆ ಅಮ್ಮನಿಗೆ ಮನೆಗೆ ಹೋಗುವ ತವಕ. ಇದೇ ಮನೆ ಎಂದರೆ ಅಳು, ರಂಪ. ಅಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ವರಾಂಡದಲ್ಲಿ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು, ಅಮ್ಮನನ್ನು ಗ್ರಿಲ್ ಪಕ್ಕ ಕೂರಿಸಿ, ಹಳೆಯ ಚರ್ಮದ ಚೀಲವನ್ನು ಹೆಗಲಿಗೇರಿಸಿ, ಟಿಕೆಟ್ ಹರಿದು ಕೊಟ್ಟು ಸೀಟಿ ಊದುತ್ತಿದ್ದ. ತಾನು ದುಡಿದ ದಾರಿಯ ಸ್ಟಾಪುಗಳನ್ನು ಒಂದೊಂದಾಗಿ ಕೂಗುತ್ತಿದ್ದ. ಕೊನೇ ಸ್ಟಾಪು ಬಂದಾಗ ಅಮ್ಮ ಎದ್ದು, ಹೊಸ್ತಿಲು ದಾಟಿ, “ಅಬ್ಬಾ, ಮನೆ ಸೇರಿದೆ” ಎಂದು ಕಾಲು ಚಾಚುತ್ತಿದ್ದಳು.

ಒಂದು ಭಾನುವಾರ ಮಗಳು ಪಾಠ ಮಾಡುವ ಶಾಲೆಯ ಹೆಡ್‌ಮೇಡಂ ಅಮ್ಮನನ್ನು ನೋಡಲು ಅವಳ ಜೊತೆ ಬಂದರು. ಗೇಟು ತೆಗೆದರೆ ಸೀಟಿ!

“ಬನ್ನಿ ಬನ್ನಿ, ಹಿಂದೆ ಸೀಟು ಖಾಲಿ ಇದೆ!” ಅಪ್ಪ ಮೇಡಂಗೂ ಒಂದು ಟಿಕೆಟ್ ಹರಿದು ಕೊಟ್ಟ. ಮೇಡಂ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡರು. ಮಗಳ ಮೈಯೆಲ್ಲ ಹಿಡಿಯಾಯಿತು.

ಅವರು ಹೊರಟ ಮೇಲೆ ಅವಳು ಸಿಡಿದಳು. “ಸಾಕು ಮಾಡಪ್ಪಾ ಈ ನಾಟಕ. ಅವಳ ಜೊತೆ ನಿನಗೂ ತಲೆ ಕೆಟ್ಟಿದೆ ಅಂತಾರೆ ಜನ.”

“ಅಂದುಕೊಳ್ಳಲಿ ಬಿಡು. ಅವಳು ಮನೆ ಸೇರ್ತಾಳಲ್ಲ.”

“ಸುಳ್ಳು ಹೇಳಿಯಾ?”

ಅಪ್ಪ ಸೀಟಿಯನ್ನು ಚೀಲದೊಳಗೆ ಇಟ್ಟ. ಆಮೇಲೆ, ಯಾರ ಹತ್ತಿರವೂ ಕೈಚಾಚದಿದ್ದವನು, ಮೆಲ್ಲಗೆ ಕೇಳಿದ. “ಹಾಗಾದ್ರೆ ವಾರಕ್ಕೆರಡು ಸಂಜೆ ನೀನು ಬರ್ತೀಯಾ ಮಗಳೇ? ಒಬ್ಬನಿಗೇ ಆಗ್ತಿಲ್ಲ.”

“ನೋಡೋಣ. ಪರೀಕ್ಷೆ ಮುಗೀಲಿ.”

ಟಿಕೆಟ್ಟು, ಸೀಟಿ ಸಮೇತ ಚೀಲವನ್ನು ಎತ್ತಿಕೊಂಡು ಹೋದಳು. ಪರೀಕ್ಷೆ ಮುಗಿಯಿತು, ರಜೆ ಮುಗಿಯಿತು, ಶಾಲೆ ಮತ್ತೆ ತೆರೆಯಿತು. ಅವಳ ಮನೆ ಅಲ್ಲಿಂದ ಆರೇ ಸ್ಟಾಪು.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದವರು ವರಾಂಡದ ಕುರ್ಚಿಗಳಲ್ಲಿ ಕುಳಿತಿದ್ದರು. ಹೆಡ್‌ಮೇಡಂ ಕೂಡ ಇದ್ದರು.

“ಅಕ್ಕ, ಒಂದು ವೃದ್ಧಾಶ್ರಮ ವಿಚಾರಿಸಿದೀನಿ,” ತಮ್ಮ ಪಿಸುಗುಟ್ಟಿದ. “ಸೋಮವಾರ ಅಮ್ಮನ್ನ ಸೇರಿಸಿಬಿಡೋಣ. ನಮ್ಮನ್ನ ಯಾರೂ ದೂರೋ ಹಾಗಿಲ್ಲ. ಅಪ್ಪನಿಗೆ ನಾವೇನು ಕಡಿಮೆ ಮಾಡಿದ್ವಿ? ನೀನಂತೂ ಇಲ್ಲೇ ಹತ್ತಿರದಲ್ಲಿದ್ದೆ.”

ಚೀಲದ ವಿಷಯ ಹೇಳಬೇಕೆಂದು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅಮ್ಮ ಒಳಗಿಂದ ಬಂದಳು. ಸ್ವೆಟರಿನ ಗುಂಡಿಗಳೆಲ್ಲ ಬಿಚ್ಚಿದ್ದವು. “ಹೊತ್ತಾಯ್ತು. ನಾನು ಮನೆಗೆ ಹೋಗಬೇಕು.”

“ಇದೇ ಮನೆ ಅಲ್ವೇನಮ್ಮಾ?” ತಮ್ಮ ರಟ್ಟೆ ಹಿಡಿದ. ಅಮ್ಮ ಕೊಸರಿಕೊಂಡು ಗೇಟಿನತ್ತ ಓಡಿದಳು. ಚಿಲಕ ಜಗ್ಗುತ್ತ ಜೋರಾಗಿ ಅಳತೊಡಗಿದಳು. ಬಂದವರೆಲ್ಲ ತಲೆ ತಗ್ಗಿಸಿದರು.

ಮಗಳು ಎದ್ದಳು. “ಸ್ವಲ್ಪ ಏಳಿ ಮೇಡಂ.” ಕುರ್ಚಿಗಳನ್ನು ಒಂದರ ಹಿಂದೊಂದು ಎಳೆದಿಟ್ಟಳು. ತನ್ನ ವ್ಯಾನಿಟಿ ಬ್ಯಾಗನ್ನು ಅಡ್ಡಡ್ಡ ಹೆಗಲಿಗೆ ಹಾಕಿಕೊಂಡು, ಅದರಲ್ಲಿದ್ದ ಪುಟ್ಟ ಡೈರಿಯಿಂದ ಹಾಳೆಯ ತುಂಡು ಹರಿದಳು.

“ಯಾರ್ರೀ ಟಿಕೆಟ್?” ದನಿ ಒಡೆಯಿತು. ಇನ್ನೊಮ್ಮೆ, ಬೀದಿಗೆ ಕೇಳುವಂತೆ ಕೂಗಿದಳು. “ಯಾರ್ರೀ ಟಿಕೆಟ್?”

ಅಮ್ಮ ತಿರುಗಿದಳು. ಬಂದು ಗ್ರಿಲ್ ಪಕ್ಕ ಕುಳಿತು, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಹೊಸಬಳಾ ನೀನು?”

“ಹೌದು.”

“ಅವರು?”

“ರಜಾ ಹಾಕಿದಾರೆ.”

ಡ್ರೈವರ್ ಮಾಮ ಬಂದು ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದುರಿಗೆ ಚಾಚಿದರು.

“ರೈಟ್!”

ಹಿಟ್ಟಿನ ಗಿರಣಿ ಹೋಯಿತು. ಅಂಚೆ ಕಚೇರಿ ಹೋಯಿತು. ನೀರಿನ ಟ್ಯಾಂಕ್ ಎನ್ನುವಾಗ ಅವಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಆಸ್ಪತ್ರೆ ಹೋಯಿತು, ಸಂತೆ ಮೈದಾನ ಹೋಯಿತು. ಅಮ್ಮ ಚೀಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

“ಶಾಲೆ ತಿರುವು,” ಎಂದಳು ಮಗಳು. ಅದು ಅವಳದೇ ಮನೆಯ ಸ್ಟಾಪು. ಮಾಮ ಬ್ರೇಕಿನ ಮೇಲೆ ಕಾಲಿಟ್ಟವರಂತೆ ಪಾದ ಒತ್ತಿ, ಹಿಂತಿರುಗಿ ಅವಳ ಮುಖ ನೋಡಿದರು. ತಮ್ಮನೂ ನೋಡುತ್ತಿದ್ದ.

ಅವಳು ಬಾಗಿ ಅಮ್ಮನ ಮೊದಲ ಗುಂಡಿ ಹಾಕಿದಳು.

“ಇಲ್ಲಿ ಯಾರೂ ಇಳಿಯೋರಿಲ್ಲ ಮಾಮ,” ಎಂದಳು. “ರೈಟ್.”