ದೂರದಿಂದ ಬರುವವರ ನಡಿಗೆ

ಎರಡು ವರ್ಷ ಮಳೆ ಕೈಕೊಟ್ಟ ೨೦೧೬ರ ಆ ಬೇಸಿಗೆಯಲ್ಲಿ, ಬೀದರಿನ ಒಂದು ಡಿಪ್ಲೊಮಾ ಕಾಲೇಜಿನ ಕಂಪ್ಯೂಟರಿನೊಳಗೆ ಮಾತ್ರ ಬಾವಿ ತುಂಬಿ ತುಳುಕುತ್ತಿತ್ತು. ಆ ಬಾವಿಯನ್ನೂ ಊರದಾರಿಯನ್ನೂ ಕೊಡ ಹೊತ್ತು ಬರುವ ಅರವತ್ತು ಹೆಂಗಸರನ್ನೂ ಕಟ್ಟಿದವಳು ಅಲ್ಲಿನ ವಿದ್ಯಾರ್ಥಿನಿ ಗೌಹರ. ಕೀಲಿ ಒತ್ತುತ್ತ ಹೋದರೆ ನೋಡುವವರೇ ಆ ದಾರಿಯಲ್ಲಿ ನಡೆದಂತಾಗಬೇಕು. ಆದರೆ ಪರದೆಯ ಒಬ್ಬೊಬ್ಬ ಹೆಂಗಸೂ ಸಾವಿರಾರು ಸಣ್ಣ ತ್ರಿಕೋನಗಳನ್ನು ಜೋಡಿಸಿ ಹೊಲಿದ ಚಿತ್ರ. ಹಳೆಯ ಯಂತ್ರ ಅಷ್ಟನ್ನೂ ಒಮ್ಮೆಗೇ ಬಿಡಿಸಲಾರದೆ ಹೆಜ್ಜೆಗೊಮ್ಮೆ ಉಸಿರು ಹಿಡಿದು ನಿಲ್ಲುತ್ತಿತ್ತು. ನಾಳೆ ಮುಂಜಾನೆಯೇ ಪರೀಕ್ಷೆ. ಒಮ್ಮೆ ಫೇಲಾದ ಗೌಹರಳಿಗೆ ಇದೇ ಕಡೆಯ ಅವಕಾಶ.

ಭಾರ ಇಳಿಯಲೆಂದು ಅವಳು ದೂರದವರ ನಡಿಗೆಯನ್ನೇ ನಿಲ್ಲಿಸಿಬಿಟ್ಟಳು. ಮೂಗುತಿ, ಬಳೆ ತೆಗೆಯಲು ಮನಸ್ಸಾಗಲಿಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ್ದು. ಯಂತ್ರ ಇನ್ನೂ ತಡವರಿಸಿತು.

ಕಸ ಗುಡಿಸಲು ಬಂದ ಅನುಸೂಯಾಬಾಯಿ ಪೊರಕೆ ಹಿಡಿದೇ ಪರದೆ ನೋಡುತ್ತ ನಿಂತಳು. ಬಾವಿ ಬತ್ತಿ ಅವಳು ತನ್ನೂರು ಭಾತಂಬ್ರಾ ಬಿಟ್ಟು ಬಂದು ವರ್ಷವಾಗಿತ್ತು.

"ಇವರೇನು ಹೆಂಗಸರೋ, ಹೊಲದಾಗಿನ ಬೆದರಗೊಂಬಿನೋ, ಬೇಟಿ?"

"ದೂರದಾಗ ಅದಾರಲ್ರಿ ಮೌಶಿ, ಅದಕ್ಕ ನಿಲ್ಲಿಸೀನಿ. ಮೂಗುತಿ ನೋಡ್ರಿ, ಎಷ್ಟು ಚಂದ ಅದ!"

"ಅಷ್ಟು ದೂರದ ಮೂಗುತಿ ಕಾಣಾಕ ನೀ ಏನು ಹದ್ದೇನ? ನಮ್ಮ ಓಣಿ ಶಾಲುಬಾಯಿ ಬಾವಿ ಕಡಿಂದ ಬರ್ತಿದ್ದರ ಮೊದಲ ಸೀರಿ ಬಣ್ಣ ಕಾಣ್ತಿತ್ತು, ಆಮ್ಯಾಲ ಆಕಿ ಓಲಾಡೋ ನಡಿಗಿ. ಅಷ್ಟರಾಗೇ ಗುರ್ತು ಹಿಡೀತಿದ್ವಿ. ಮೂಗುತಿ ಕಾಣೋದು ಆಕಿ ಎದುರಿಗೆ ನಿಂತು ಜಗಳಾ ತೆಗದಾಗ!"

ಗೌಹರ ನಕ್ಕಳು. ನಗುತ್ತಲೇ ಪರದೆಯ ದೂರದ ಹೆಂಗಸರತ್ತ ತಿರುಗಿದಳು.

"ಹ್ಯಾಂಗ ನಡೀತಿದ್ರು, ಮೌಶಿ?"

ಅನುಸೂಯಾಬಾಯಿ ಕಸದ ಬುಟ್ಟಿ ತಲೆಗೇರಿಸಿ ಕೋಣೆಯ ಉದ್ದಕ್ಕೂ ನಡೆದು ತೋರಿಸಿದಳು. ಆ ರಾತ್ರಿ ಗೌಹರ ಪರದೆಯ ಒಬ್ಬೊಬ್ಬಳಿಗೂ ಮೂರು ರೂಪ ಹೊಲಿದಳು. ದೂರಕ್ಕೆ ನಲವತ್ತೇ ತ್ರಿಕೋನ: ಸೀರೆಯ ಬಣ್ಣ, ನಡಿಗೆ, ಅಷ್ಟೇ. ನಡುದಾರಿಗೆ ಕೊಡ, ಅದನ್ನು ಹಿಡಿದ ಕೈ. ಮುಖ, ಮೂಗುತಿ ತೀರ ಹತ್ತಿರ ಬಂದಾಗಲಷ್ಟೇ.

ಮರುದಿನ ಔರಾದ ಕಡೆಯಿಂದ ಬಂದ ಪರೀಕ್ಷಕರು ಕುರ್ಚಿ ಎಳೆದು ಕೂತು ಕೀಲಿ ಒತ್ತಿದರು. ದೂರದ ಬಿಸಿಲಿನಲ್ಲಿ ಬಣ್ಣಗಳು ತೇಲಿದವು. ಬಣ್ಣಗಳಿಗೆ ನಡಿಗೆ ಬಂತು, ನಡಿಗೆಗೆ ಕೈ ಬಂತು, ಕೈಗೆ ಬಳೆ. ಯಂತ್ರ ಎಲ್ಲಿಯೂ ಉಸಿರು ಹಿಡಿಯಲಿಲ್ಲ. ಹೆಂಗಸರು ಪರದೆಯ ತುಂಬ ಬಂದುಬಿಟ್ಟರು, ನೀರು ಕೊಡದ ಅಂಚಿನಲ್ಲಿ ತುಳುಕುತ್ತಿತ್ತು.

ತುಂಬಿದ ಕೊಡ ಎದುರಾದರೆ ಊರಲ್ಲಿ ಯಾರಾದರೂ ಮಾಡುವಂತೆ, ಪರೀಕ್ಷಕರು ತಮಗೇ ತಿಳಿಯದೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಆ ಹೆಂಗಸರಿಗೆ ದಾರಿ ಬಿಟ್ಟರು.